ಮಾರಿದವರು ಯಾರು?

ಕೆಲವು ವರ್ಷಗಳ ಹಿಂದಿನ ದೀಪಾವಳಿಯ ಸಂಜೆ. ಲಕ್ಷ್ಮೀಪೂಜೆಯ ಮಂಗಳಾರತಿ ಮುಗಿದು, ಹೊಸ್ತಿಲಿನಲ್ಲಿ ದೀಪಗಳನ್ನು ಸಾಲಾಗಿ ಇಟ್ಟು, ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕುಳಿತಿದ್ದೆವು. ಆ ದಿನ ಮುಂಬಯಿಯ ಷೇರುಪೇಟೆಯು ರಜೆಯಾದರೂ ಒಂದು ಗಂಟೆಯ ಮಟ್ಟಿಗೆ ಬಾಗಿಲು ತೆರೆದು ಮುಹೂರ್ತದ ವ್ಯಾಪಾರವನ್ನು ನಡೆಯಿಸುವುದು ವಾಡಿಕೆಯಷ್ಟೆ. ನಮ್ಮ ಅಳಿಯಂದಿರು ಅದನ್ನು ಫೋನಿನಲ್ಲಿ ನೋಡುತ್ತಲಿದ್ದರು. ಅವರ ಮಗ, ಒಂಬತ್ತು ವರ್ಷದ ಹುಡುಗ, ಇನ್ಫೋಸಿಸ್ ಎಂಬ ಹೆಸರಿನ ಎದುರಿಗೆ ಅಂಕೆಗಳು ಕ್ಷಣಕ್ಕೊಮ್ಮೆ ಕೆಂಪಾಗಿಯೂ ಹಸುರಾಗಿಯೂ ಬದಲಾಗುತ್ತಿದ್ದುದನ್ನು ಕಂಡು ನಮ್ಮ ಬಳಿಗೆ ಓಡಿಬಂದು, "ತಾತ, ಅಜ್ಜಿಯ ಹತ್ತಿರ ಇರುವ ಷೇರುಗಳನ್ನೆಲ್ಲ ಈಗಲೇ ಮಾರಿಬಿಟ್ಟರೆ ಈ ನಂಬರು ಇಳಿಯುತ್ತದೆಯೆ?" ಎಂದು ಕೇಳಿದನು.

ಎಲ್ಲರೂ ನಕ್ಕರು. ಅಜ್ಜಿಯ ಹತ್ತಿರ ಇದ್ದವು ನಲವತ್ತು ಷೇರುಗಳು. ಆ ಕಂಪೆನಿಯ ಒಟ್ಟು ಷೇರುಗಳೋ ನಾಲ್ಕುನೂರು ಕೋಟಿಗೂ ಮೇಲೆ. ಆದರೆ ನಮಗೆ ನಗು ಬರಲಿಲ್ಲ. ಏಕೆಂದರೆ ಅದೇ ಪಡಸಾಲೆಯಲ್ಲಿ, 2001ನೆಯ ಇಸವಿಯ ಒಂದು ಮಳೆಗಾಲದ ರಾತ್ರಿ, ಆ ಹುಡುಗನ ಅಜ್ಜಿ ನಮ್ಮನ್ನು ಇದೇ ವಿಷಯವಾಗಿ ಒಂದು ಪ್ರಶ್ನೆ ಕೇಳಿದ್ದಳು. ಅದಕ್ಕೆ ಉತ್ತರ ಕೊಡಲಾರದೆ ನಾವು ತಲೆ ತಗ್ಗಿಸಿದ್ದೆವು. ಆ ಕಥೆಯನ್ನು ವಾಚಕರ ಮುಂದೆ ಇಡಬೇಕೆಂದು ಇಷ್ಟು ದಿನ ಮನಸ್ಸು ಬಂದಿರಲಿಲ್ಲ. ತಮ್ಮ ದಡ್ಡತನವನ್ನು ತಾವೇ ಸಾರಿಕೊಳ್ಳುವುದು ಯಾರಿಗೆ ತಾನೆ ಇಷ್ಟ? ಆದರೆ ಈಗ ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಷೇರಿನ ಮಾತನ್ನು ಆಡುತ್ತಿರುವುದರಿಂದ ಹೇಳಿಬಿಡುವುದೇ ಒಳ್ಳೆಯದೆಂದು ತೋರುತ್ತದೆ.

ಆಗ ನಾವು ಮೈಸೂರಿನ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದೆವು. 1999ರ ಕೊನೆಯಿಂದ ಊರಿನ ಮಾತೇ ಬದಲಾಗಿಹೋಯಿತು. ಕಾಲೇಜಿನ ವಿಶ್ರಾಂತಿ ಕೊಠಡಿಯಲ್ಲಿ ಹಳಗನ್ನಡದ ಪಾಠಾಂತರಗಳನ್ನು ಕುರಿತು ವಾದಿಸುತ್ತಿದ್ದವರು ಸಾಫ್ಟ್‌ವೇರ್ ಕಂಪೆನಿಗಳ ಧಾರಣೆಯನ್ನು ಕುರಿತು ವಾದಿಸತೊಡಗಿದರು. ಕ್ಷೌರದ ಅಂಗಡಿಯಲ್ಲಿ ಅದೇ ಮಾತು, ಮದುವೆಯ ಪಂಕ್ತಿಯಲ್ಲಿ ಅದೇ ಮಾತು. ಎಲ್ಲರ ಬಾಯಲ್ಲಿಯೂ ಇದ್ದುದು ಇನ್ಫೋಸಿಸ್ಸಿನ ಕಥೆ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಆರಂಭಿಸಿ, 1983ರಲ್ಲಿ ಬೆಂಗಳೂರಿಗೆ ತಂದು ನೆಲೆಗೊಳಿಸಿದ ಆ ಕಂಪೆನಿಯು 1993ರ ಫೆಬ್ರವರಿಯಲ್ಲಿ ಷೇರೊಂದಕ್ಕೆ 95 ರೂಪಾಯಿಗಳಂತೆ ಜನರ ಮುಂದೆ ಬಂದಿತ್ತು. 1999ರ ಮಾರ್ಚಿನಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯ ಪಟ್ಟಿಗೂ ಸೇರಿತ್ತು. ಆರು ವರ್ಷಗಳ ಹಿಂದೆ ಅದನ್ನು ಕೊಂಡಿದ್ದವರ ಭಾಗ್ಯವನ್ನು ಜನರು ಪುರಾಣದಂತೆ ಹೇಳುತ್ತಲಿದ್ದರು.

ಆದರೆ ಆ ಪುರಾಣದ ಒಂದು ಅಧ್ಯಾಯವನ್ನು ಯಾರೂ ಹೇಳುತ್ತಿರಲಿಲ್ಲ. 1993ರಲ್ಲಿ ಆ ಷೇರುಗಳನ್ನು ಮಾರಾಟಕ್ಕೆ ಇಟ್ಟಾಗ ಕೊಳ್ಳಲು ಸಾಕಷ್ಟು ಜನರು ಮುಂದೆ ಬರಲಿಲ್ಲ. ಹೊಲಿಗೆಯ ಯಂತ್ರವೂ ಇಲ್ಲದೆ, ಹೊಗೆಯ ಕೊಳವೆಯೂ ಇಲ್ಲದೆ, ಬರಿಯ ಲೆಕ್ಕದ ಬರಹವನ್ನು ಮಾರುವ ಕಂಪೆನಿಯನ್ನು ನಂಬುವುದು ಹೇಗೆಂದು ಚಿಕ್ಕ ಹಣದವರು ಹಿಂಜರಿದರು. ಆಗ ಮಾರ್ಗನ್ ಸ್ಟಾನ್ಲಿ ಎಂಬ ಅಮೆರಿಕದ ದೊಡ್ಡ ಸಂಸ್ಥೆಯು ಅದೇ ತೊಂಬತ್ತೈದು ರೂಪಾಯಿಯಂತೆ ಕಂಪೆನಿಯ ನೂರಕ್ಕೆ ಹದಿಮೂರು ಪಾಲನ್ನು ಕೊಂಡಿತು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಪೇಟೆಯಲ್ಲಿ ವ್ಯಾಪಾರ ಆರಂಭವಾದಾಗ ಧಾರಣೆ 145 ರೂಪಾಯಿ. ಹೀಗೆ ಮೊದಲು ಬಂದವರು ದೊಡ್ಡವರು. ನಮ್ಮಂಥವರು ಗುಂಪುಗುಂಪಾಗಿ ಹೊರಟದ್ದು ಏಳು ವರ್ಷಗಳ ಮೇಲೆ, ಕಥೆಯು ಕ್ಷೌರದ ಅಂಗಡಿಯನ್ನು ತಲುಪಿದ ಮೇಲೆ.

ನಮ್ಮ ಮಗಳು ಆಗ ಮೊದಲನೆಯ ಪಿ. ಯು. ಸಿ. ತರಗತಿಯಲ್ಲಿ ಓದುತ್ತಿದ್ದಳು. ಮುಂದೆ ಅವಳನ್ನು ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಬೇಕೆಂದು ನಮ್ಮ ಮನೆಯಾಕೆ ಹತ್ತು ವರ್ಷಗಳಿಂದ ಹಾಲಿನ ಲೆಕ್ಕದಲ್ಲಿ, ತರಕಾರಿಯ ಲೆಕ್ಕದಲ್ಲಿ ಉಳಿಸಿ ಅಂಚೆ ಕಚೇರಿಯಲ್ಲಿ ಕೂಡಿಹಾಕಿದ ಅರುವತ್ತು ಸಾವಿರ ರೂಪಾಯಿಗಳಿದ್ದುವು. 2000ದ ಫೆಬ್ರವರಿಯಲ್ಲಿ ನಾವು ಆ ಹಣವನ್ನು ಬಿಡಿಸಿಕೊಂಡು, ದಲ್ಲಾಳಿಯೊಬ್ಬರ ಅಂಗಡಿಗೆ ಹೋಗಿ, ಒಂದು ಸಾಫ್ಟ್‌ವೇರ್ ಕಂಪೆನಿಯ ಐವತ್ತು ಷೇರುಗಳನ್ನು ಸಾವಿರದ ಇನ್ನೂರರಂತೆ ಕೊಂಡೆವು. ಅದು ಇನ್ಫೋಸಿಸ್ ಅಲ್ಲ. ಅದರ ಬೆಲೆ ನಮಗೆ ನಿಲುಕುವಂತಿರಲಿಲ್ಲ. "ಇದು ಮುಂದಿನ ಇನ್ಫೋಸಿಸ್" ಎಂದು ಯಾರೋ ಹೇಳಿದ ಮಾತು ನಮಗೆ ಸಾಕಾಯಿತು. ಆ ಕಂಪೆನಿಯು ಏನನ್ನು ಮಾಡಿ ಯಾರಿಗೆ ಮಾರುತ್ತದೆಂಬುದು ನಮಗೆ ಆಗಲೂ ತಿಳಿದಿರಲಿಲ್ಲ. ಎರಡು ವಾರಗಳಲ್ಲಿ ಬೆಲೆ ಸಾವಿರದ ಐನೂರನ್ನು ಮುಟ್ಟಿತು. ನಾವು ಮೈಸೂರುಪಾಕನ್ನು ತಂದು ವಿಶ್ರಾಂತಿ ಕೊಠಡಿಯಲ್ಲಿ ಹಂಚಿದೆವು.

ಮಾರ್ಚ್ 10ರಂದು ನಾಸ್ಡಾಕ್ ಸೂಚ್ಯಂಕವು 5,048ರಲ್ಲಿ ನಿಂತು, ಅಲ್ಲಿಂದ ಇಳಿಯತೊಡಗಿತು. 2002ರ ಅಕ್ಟೋಬರ್ ವೇಳೆಗೆ ಅದು 1,114ಕ್ಕೆ ಬಂದಿತು. ಹಳೆಯ ಶಿಖರವನ್ನು ಮತ್ತೆ ಹತ್ತಲು ಅದಕ್ಕೆ 2015ರವರೆಗೆ ಕಾಲ ಹಿಡಿಯಿತು. ನಮ್ಮ ದೇಶದಲ್ಲಿ ಇನ್ನೊಂದು ವಿಪತ್ತೂ ಸೇರಿಕೊಂಡಿತು. ಮುಂಬಯಿಯ ಕೇತನ್ ಪಾರೇಖ್ ಎಂಬ ದಲ್ಲಾಳಿಯು ಸಾಲದ ಹಣದಿಂದ ಹತ್ತು ಕಂಪೆನಿಗಳ ಧಾರಣೆಯನ್ನು ಎತ್ತಿ ನಿಲ್ಲಿಸಿದ್ದನು. ಅವುಗಳಲ್ಲಿ ಹೆಚ್ಚಿನವು ಹೊಸ ತಂತ್ರಜ್ಞಾನಕ್ಕೂ ಪ್ರಸಾರಕ್ಕೂ ಸೇರಿದುವು. 2001ರ ಮಾರ್ಚಿನಲ್ಲಿ ಆ ಕಟ್ಟಡವು ಕುಸಿದು, ಅಹಮದಾಬಾದಿನ ಒಂದು ಸಹಕಾರೀ ಬ್ಯಾಂಕೂ ಅದರೊಡನೆ ನೆಲಕಚ್ಚಿತು. 2003ರಲ್ಲಿ ಸೆಬಿಯು ಆತನನ್ನು ಹದಿನಾಲ್ಕು ವರ್ಷಗಳ ಕಾಲ ಪೇಟೆಯಿಂದ ಹೊರಗಿಟ್ಟಿತು. ಆದರೆ ಅಷ್ಟರೊಳಗೆ ಚಿಕ್ಕವರ ಹಣ ಕರಗಿಹೋಗಿತ್ತು.

ನಮ್ಮ ಷೇರೂ ಇಳಿಯಿತು. ಸಾವಿರಕ್ಕೆ ಬಂದಾಗ "ಮತ್ತೆ ಏರುತ್ತದೆ" ಎಂದೆವು. ಐನೂರಕ್ಕೆ ಬಂದಾಗ ಪತ್ರಿಕೆಯ ಆ ಪುಟವನ್ನು ನೋಡುವುದನ್ನೇ ಬಿಟ್ಟೆವು. 2001ರಲ್ಲಿ ಮಗಳಿಗೆ ಸೀಟು ದೊರೆಯಿತು. ಶುಲ್ಕವನ್ನು ಕಟ್ಟಬೇಕಾದ ಕೊನೆಯ ದಿನಾಂಕವೂ ಬಂದಿತು. ಆ ವಾರ ನಾವು ಆ ಐವತ್ತು ಷೇರುಗಳನ್ನು ತೊಂಬತ್ತಾರು ರೂಪಾಯಿಗಳಂತೆ ಮಾರಿ ನಾಲ್ಕು ಸಾವಿರದ ಎಂಟುನೂರು ರೂಪಾಯಿಗಳನ್ನು ಎಣಿಸಿಕೊಂಡು ಮನೆಗೆ ಬಂದೆವು. ನಮ್ಮ ಮನೆಯಾಕೆ ಮಾತಾಡದೆ ತನ್ನ ಎರಡು ಬಳೆಗಳನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಅವನ್ನು ಒತ್ತೆಯಿಟ್ಟು ಶುಲ್ಕ ಕಟ್ಟಿದ್ದಾಯಿತು. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಆ ರಾತ್ರಿ ಊಟವಾದ ಮೇಲೆ ಆಕೆ ಕೇಳಿದ ಪ್ರಶ್ನೆ ಇದು: "ನೋಡಿ, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾವು ಸಾವಿರದ ಇನ್ನೂರಕ್ಕೆ ಕೊಂಡೆವಲ್ಲ, ಆಗ ಮಾರಿದವರು ಯಾರು? ಈಗ ತೊಂಬತ್ತಾರಕ್ಕೆ ಮಾರಿದೆವಲ್ಲ, ಕೊಂಡವರು ಯಾರು?"

ಅದರಲ್ಲಿ ನಿಂದೆಯಿರಲಿಲ್ಲ. ಆಕೆಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಸೊಪ್ಪು ಕೊಳ್ಳುವಾಗ ಕೂಡ ಎದುರಿಗೆ ಕುಳಿತವಳ ಮುಖವನ್ನು ನೋಡಿ ಕೊಳ್ಳುವುದು ಆಕೆಯ ಅಭ್ಯಾಸ. ಅರುವತ್ತು ಸಾವಿರದ ವ್ಯಾಪಾರದಲ್ಲಿ ಎದುರಿನವನ ಮುಖವನ್ನು ನಾವು ನೋಡಿಯೇ ಇರಲಿಲ್ಲ. ನಾವು ಕೊಂಡಾಗಲೆಲ್ಲ ಒಬ್ಬನು ಮಾರಿರಲೇಬೇಕು; ನಾವು ಒಳ್ಳೆಯದೆಂದು ಕೈಚಾಚಿದ ಕ್ಷಣದಲ್ಲಿಯೇ ಅವನು ಸಾಕೆಂದು ಕೈಬಿಟ್ಟಿರಲೇಬೇಕು. ಇಷ್ಟು ಸರಳವಾದ ಸಂಗತಿಯು ಒಂದೂವರೆ ವರ್ಷದಲ್ಲಿ ನಮಗೆ ಹೊಳೆದಿರಲಿಲ್ಲ. ಅಂದಿನಿಂದ ಈ ವಿದ್ಯೆಯನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯಲು ತೊಡಗಿದೆವು. ಕಲಿತುದನ್ನು ನಮ್ಮ ಊರಿನ ಹೂವಿನ ಲೆಕ್ಕದಲ್ಲಿಯೇ ಹೇಳುತ್ತೇವೆ.

ವರಮಹಾಲಕ್ಷ್ಮೀ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಗೆ ಹೋದವರಿಗೆ ಗೊತ್ತು: ಬೆಳಗ್ಗೆ ಒಂದು ಧಾರಣೆ, ಸಂಜೆ ಒಂದು ಧಾರಣೆ. ಆ ಸಂಜೆ ಕೊನೆಯ ಮೊಳ ಮಲ್ಲಿಗೆಯನ್ನು ಯಾರೋ ಒಬ್ಬರು ಕೊಟ್ಟ ಬೆಲೆಯೇ "ಇಂದಿನ ಬೆಲೆ" ಎನಿಸಿಕೊಳ್ಳುತ್ತದೆ. ಮಾರಾಟಕ್ಕೆ ಬಾರದೆ ಗಿಡದಲ್ಲಿಯೇ ಇರುವ ಹೂವಿಗೂ ಜನರು ಮನಸ್ಸಿನಲ್ಲಿ ಅದೇ ಬೆಲೆಯನ್ನು ಕಟ್ಟುತ್ತಾರೆ. ಷೇರಿನ ಸಂಗತಿಯೂ ಇಷ್ಟೆ. ಕಂಪೆನಿಯ ಷೇರುಗಳಲ್ಲಿ ಬಹುಭಾಗ ಒಂದು ದಿನದಲ್ಲಿ ಕೈ ಬದಲಾಯಿಸುವುದೇ ಇಲ್ಲ. ಆ ದಿನ ಕೊಳ್ಳಲು ಬಂದವರೂ ಮಾರಲು ಬಂದವರೂ ಸೇರಿ ಕಟ್ಟಿದ ಬೆಲೆಯೇ, ಸುಮ್ಮನೆ ಮನೆಯಲ್ಲಿ ಕುಳಿತವರ ಷೇರಿಗೂ ಬೆಲೆಯಾಗುತ್ತದೆ.

ಪೇಟೆಯ ಯಂತ್ರದಲ್ಲಿ ಎರಡು ಸಾಲುಗಳು ಇರುತ್ತವೆ. ಒಂದರಲ್ಲಿ ಇಷ್ಟು ಬೆಲೆಗೆ ಇಷ್ಟು ಷೇರು ಬೇಕೆನ್ನುವವರು, ಹೆಚ್ಚು ಕೊಡುವವನು ಮೊದಲು. ಇನ್ನೊಂದರಲ್ಲಿ ಇಷ್ಟು ಬೆಲೆಗೆ ಇಷ್ಟು ಷೇರು ಕೊಡುತ್ತೇನೆನ್ನುವವರು, ಕಡಮೆ ಕೇಳುವವನು ಮೊದಲು. ನಮ್ಮ ಮೊಮ್ಮಗನ ಅಜ್ಜಿ ತನ್ನ ನಲವತ್ತನ್ನು ಮಾರಿದರೆ ಸಾಲಿನ ಮೊದಲನೆಯವನೇ ಅವನ್ನು ಕೊಂಡು ಇನ್ನೂ ಬೇಕೆನ್ನುತ್ತಾನೆ, ಬೆಲೆ ಕದಲುವುದಿಲ್ಲ. ನಲವತ್ತು ಲಕ್ಷ ಷೇರುಗಳುಳ್ಳ ಸಂಸ್ಥೆಯೊಂದು ಒಮ್ಮೆಲೆ ಮಾರಹೊರಟರೆ ಮೊದಲನೆಯವನ ಆಸೆ ತೀರಿ, ಎರಡನೆಯವನದು ತೀರಿ, ಇನ್ನೂ ಕಡಮೆ ಕೊಡುವವರ ಬಳಿಗೆ ಇಳಿಯಬೇಕಾಗುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುವುದನ್ನೇ ನಾವು "ಬೆಲೆ ಬಿದ್ದಿತು" ಎನ್ನುವುದು. ದೊಡ್ಡವರು ಬೆಲೆಯನ್ನು ಅಲುಗಿಸುವ ಬಗೆ ಇದು.

ಆದರೆ ಇದೇ ಅವರಿಗೆ ತೊಡಕೂ ಆಗಿದೆ. ಮಾರುತ್ತ ಹೋದಂತೆ ತಮ್ಮ ಬೆಲೆಯನ್ನು ತಾವೇ ಕೆಡಿಸಿಕೊಳ್ಳುವುದರಿಂದ, ದೊಡ್ಡ ಸಂಸ್ಥೆಗಳು ತಮ್ಮ ಸರಕನ್ನು ಸಣ್ಣ ಸಣ್ಣ ತುಂಡುಗಳನ್ನಾಗಿ ಮಾಡಿ, ಯಂತ್ರಗಳ ಮೂಲಕ, ದಿನಗಟ್ಟಲೆ ವಾರಗಟ್ಟಲೆ ಮಾರುತ್ತವೆ. ಇಲ್ಲವೆ ಕೊಳ್ಳುವವನನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆಂದೇ ಪೇಟೆಯಲ್ಲಿ ಇಟ್ಟಿರುವ ಬೇರೆ ಕಿಟಕಿಯಲ್ಲಿ ಒಟ್ಟಿಗೆ ಕೈಬಿಡುತ್ತವೆ. ಒಂದು ದಿನದಲ್ಲಿ ಕಂಪೆನಿಯ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚನ್ನು ಒಬ್ಬನು ಕೊಂಡರೆ ಅಥವಾ ಮಾರಿದರೆ ಅವನ ಹೆಸರನ್ನು ಪೇಟೆಯು ಪ್ರಕಟಿಸುತ್ತದೆ. ಆನೆ ಹೊಲದಿಂದ ಹೊರಗೆ ಬರಬೇಕಾದರೆ ಬೇಲಿ ಮುರಿಯಲೇಬೇಕು. ಇರುವೆ ಬೇಲಿಯ ಸಂದಿನಲ್ಲಿಯೇ ಹೋಗಬಲ್ಲದು.

ಬೇಲಿ ಮುರಿಯುವುದಕ್ಕೆ ಮೊದಲೇ, ಆನೆ ಎದ್ದಿತೆಂಬ ಸುದ್ದಿಗೇ ಬೆಲೆ ಇಳಿಯುವುದುಂಟು. ಊಟದ ಡಬ್ಬಿಗಳನ್ನು ಮನೆಗೆ ತಲುಪಿಸುವ ಜೊಮ್ಯಾಟೊ ಕಂಪೆನಿಯು 2021ರ ಜುಲೈನಲ್ಲಿ ಷೇರೊಂದಕ್ಕೆ 76 ರೂಪಾಯಿಗಳಂತೆ ಜನರ ಮುಂದೆ ಬಂದಿತು. ಅದರ ಹಳೆಯ ದೊಡ್ಡ ಪಾಲುದಾರರು ಒಂದು ವರ್ಷ ಮಾರಕೂಡದೆಂಬ ನಿಯಮವಿತ್ತು. ಆ ಗಡುವು ಮುಗಿದು, 2022ರ ಜುಲೈ 25ರಂದು ಪೇಟೆ ತೆರೆದಾಗ, ಷೇರು ಒಂದೇ ದಿನ ನೂರಕ್ಕೆ ಹನ್ನೊಂದರಷ್ಟು ಕುಸಿಯಿತು. ಕಂಪೆನಿಯಲ್ಲಿ ಆ ದಿನ ಕೆಟ್ಟುದು ಏನೂ ಇರಲಿಲ್ಲ. ಬಾಗಿಲಿನ ಅಗುಳಿ ತೆಗೆದಿತ್ತು, ಅಷ್ಟೆ. ಮುಂದಿನ ತಿಂಗಳು ಊಬರ್ ಕಂಪೆನಿಯು ತನ್ನಲ್ಲಿದ್ದ ನೂರಕ್ಕೆ ಏಳೂಮುಕ್ಕಾಲರಷ್ಟು ಪಾಲನ್ನು ಸುಮಾರು ಐವತ್ತು ರೂಪಾಯಿಗಳಂತೆ ಮಾರಿ ಹೊರಟುಹೋಯಿತು. ಅದೇ ಷೇರು 2024ರಲ್ಲಿ ಇನ್ನೂರೈವತ್ತನ್ನು ದಾಟಿತು. ಆದುದರಿಂದ ದೊಡ್ಡವರು ಮಾರಿದರೆಂದ ಮಾತ್ರಕ್ಕೆ ವಸ್ತು ಕೆಟ್ಟದೆಂದು ತಿಳಿಯಲಾಗದು. ಅವರು ಕೊಂಡರೆಂದ ಮಾತ್ರಕ್ಕೆ ಒಳ್ಳೆಯದೆಂದೂ ತಿಳಿಯಲಾಗದು.

ಇನ್ನೊಂದು ಬಗೆಯ ದೊಡ್ಡವರಿಗೆ ಅಭಿಪ್ರಾಯವೇ ಇಲ್ಲ. ಸೂಚ್ಯಂಕದ ಫಂಡುಗಳೆಂಬುವು ನಿಫ್ಟಿಯಂತಹ ಪಟ್ಟಿಯಲ್ಲಿ ಯಾವ ಕಂಪೆನಿಯಿದೆಯೋ ಅದನ್ನು ಅದರ ತೂಕಕ್ಕೆ ಸರಿಯಾಗಿ ಕೊಳ್ಳಲೇಬೇಕು. ಪಟ್ಟಿಯಿಂದ ಬಿಟ್ಟರೆ ಮಾರಲೇಬೇಕು. ಕಂಪೆನಿಯ ಯೋಗ್ಯತೆಯನ್ನು ತೂಗುವುದು ಅವುಗಳ ಕೆಲಸವಲ್ಲ. ಇವೆಲ್ಲವೂ ಸೇರಿ ಒಂದು ಷೇರಿನ ಬೆಲೆಯಾಗುತ್ತದೆ: ಒಬ್ಬನ ತಿಳಿವಳಿಕೆ, ಇನ್ನೊಬ್ಬನ ಅವಸರ, ಮತ್ತೊಬ್ಬನ ನಿಯಮ, ನಮ್ಮಂಥವರ ಆಸೆ.

ಚಿಕ್ಕವರಿಗೆ ಬಲವಿಲ್ಲವೇ ಎಂದರೆ, ಒಬ್ಬೊಬ್ಬರಾಗಿ ಇಲ್ಲ. ಒಂದೇ ಯೋಚನೆ ಒಂದೇ ಕಾಲದಲ್ಲಿ ಲಕ್ಷ ಮನೆಗಳನ್ನು ಹೊಕ್ಕಾಗ ಉಂಟು. 2000ದಲ್ಲಿ ಆದುದು ಅದೇ. ನಮ್ಮ ಐವತ್ತು ಷೇರು ಬೆಲೆಯನ್ನು ಎತ್ತಲಿಲ್ಲ. ನಮ್ಮಂತಹ ಲಕ್ಷಾಂತರ ಐವತ್ತುಗಳು ಎತ್ತಿದುವು. ಆ ಪ್ರವಾಹವಿದ್ದುದರಿಂದಲೇ, ಹಿಂದೆ ಅಗ್ಗವಾಗಿ ಕೊಂಡಿದ್ದ ದೊಡ್ಡವರಿಗೆ ಬೇಲಿ ಮುರಿಯದೆ ಹೊರಬರುವ ದಾರಿ ಸಿಕ್ಕಿತು. ನಮ್ಮ ಮನೆಯಾಕೆಯ ಮೊದಲನೆಯ ಪ್ರಶ್ನೆಗೆ ನಮಗೆ ದೊರೆತ ಉತ್ತರ ಇದು. ನಮಗೆ ಮಾರಿದವನ ಹೆಸರು ನಮಗೆ ತಿಳಿಯದು. ಆದರೆ ಅವನಿಗೆ ಕೊಳ್ಳುವವರು ಬೇಕಾಗಿದ್ದರು. ನಾವು ಮೈಸೂರುಪಾಕು ಹಂಚಿ ಅಂಥವರನ್ನು ಇನ್ನೂ ನಾಲ್ವರನ್ನು ಒದಗಿಸಿಕೊಟ್ಟೆವು.

ದೊಡ್ಡವರಿಗೆ ಬೆಲೆಯ ಮೇಲಲ್ಲದೆ ಕಂಪೆನಿಯ ನಡತೆಯ ಮೇಲೂ ಹಿಡಿತವುಂಟು. ಅದನ್ನು ಒಳ್ಳೆಯದಕ್ಕೂ ಬಳಸಬಹುದು. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪೆನಿಯು, ತನ್ನ ಅಧ್ಯಕ್ಷರ ಕುಟುಂಬಕ್ಕೆ ಸಂಬಂಧಿಸಿದ ಎರಡು ಕಟ್ಟಡದ ಕಂಪೆನಿಗಳನ್ನು ಸುಮಾರು 160 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಸಾರಿತು. ದೊಡ್ಡ ಹೂಡಿಕೆದಾರರು ಒಡನೆಯೇ ಸಿಡಿದೆದ್ದರು. ನ್ಯೂಯಾರ್ಕಿನಲ್ಲಿ ಅದರ ಷೇರು ಅರ್ಧಕ್ಕಿಂತ ಕೆಳಗೆ ಬಿದ್ದಿತು. ಕೆಲವೇ ಗಂಟೆಗಳಲ್ಲಿ ಕಂಪೆನಿಯು ತನ್ನ ನಿರ್ಧಾರವನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮಂತಹ ಸಾವಿರ ಮಂದಿ ಸಾವಿರ ಕಾಗದ ಬರೆದಿದ್ದರೂ ಅದು ಆಗುತ್ತಿರಲಿಲ್ಲ. ಆದರೆ ಅದೇ ದೊಡ್ಡವರು, ಅಷ್ಟು ಮಂದಿ ಲೆಕ್ಕಿಗರನ್ನು ಇಟ್ಟುಕೊಂಡೂ, ಆ ಕಂಪೆನಿಯ ಲೆಕ್ಕದ ಪುಸ್ತಕದಲ್ಲಿ ವರ್ಷಗಟ್ಟಲೆ ನಡೆದ ಸುಳ್ಳನ್ನು ಕಂಡಿರಲಿಲ್ಲ. 2009ರ ಜನವರಿ 7ರಂದು ಅಧ್ಯಕ್ಷರೇ ತಪ್ಪೊಪ್ಪಿಕೊಂಡ ದಿನ ಷೇರು ಸುಮಾರು 179 ರೂಪಾಯಿಗಳಿಂದ 40ಕ್ಕೆ ಬಿದ್ದಿತು. ಆ ಕಂಪೆನಿಯು ತನ್ನಷ್ಟಕ್ಕೆ ಪೇಟೆಯಲ್ಲಿ ಉಳಿದಿದ್ದಷ್ಟು ಕಾಲ ಅದರ ಷೇರಿಗೆ ಹಳೆಯ ಬೆಲೆ ಮತ್ತೆ ಬರಲಿಲ್ಲ. 2013ರಲ್ಲಿ ಆ ಕಂಪೆನಿಯು ಟೆಕ್ ಮಹೀಂದ್ರದಲ್ಲಿ ಸೇರಿಹೋದಾಗ ಹದಿನೇಳು ಸತ್ಯಂ ಷೇರುಗಳಿಗೆ ಎರಡು ಹೊಸ ಷೇರುಗಳು ದೊರೆತವು. ತಾಳ್ಮೆಯೊಂದೇ ಸಾಲದು, ತಾಳ್ಮೆಗೆ ಕಣ್ಣೂ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕವನ ಕೈಯಲ್ಲಿ ಉಳಿಯುವುದು ಏನು? ಇದನ್ನು ನಮಗೆ ಕಲಿಸಿದವಳು ನಮ್ಮ ಮನೆಯಾಕೆಯೇ. ಬಳೆಗಳು ಮನೆಗೆ ಬಂದ ಮೇಲೆ ಕೆಲವು ವರ್ಷ ಆಕೆ ಷೇರಿನ ಮಾತನ್ನೇ ಎತ್ತಲಿಲ್ಲ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದಳು, ಮದುವೆಯೂ ಆಯಿತು. 2010ರಲ್ಲಿ, ಯಾವ ಖರ್ಚಿಗೂ ಗೊತ್ತುಮಾಡದ ಸ್ವಲ್ಪ ಹಣ ಆಕೆಯ ಬಳಿ ಉಳಿದಿತ್ತು. ಅದರಿಂದ ಐದೇ ಐದು ಇನ್ಫೋಸಿಸ್ ಷೇರುಗಳನ್ನು ಕೊಳ್ಳಬೇಕೆಂದು ಹೇಳಿದಳು. ನಾವು ಬೆಚ್ಚಿಬಿದ್ದೆವು. ಆಕೆ ಮಾತ್ರ, "ಇದು ಹೋದರೂ ನಮ್ಮ ಒಲೆ ಆರುವುದಿಲ್ಲ, ಅದಕ್ಕೇ ಇದು" ಎಂದಳು.

2013ರ ಏಪ್ರಿಲ್ 12ರ ಬೆಳಗ್ಗೆ ಆ ಕಂಪೆನಿಯು ತನ್ನ ಲೆಕ್ಕವನ್ನು ಪ್ರಕಟಿಸಿ, ಮುಂದಿನ ವರ್ಷದ ವಿಷಯದಲ್ಲಿ ಪೇಟೆಯ ನಿರೀಕ್ಷೆಗಿಂತ ಕಡಮೆಯ ಮಾತನ್ನು ಆಡಿತು. ನಮ್ಮ ಎರಡನೆಯ ಕಾಫಿ ಮುಗಿಯುವುದರೊಳಗೆ ದೊಡ್ಡವರು ಅದನ್ನು ಓದಿ, ತಮ್ಮ ಲೆಕ್ಕಗಳನ್ನು ತಿದ್ದಿ, ಮಾರತೊಡಗಿದ್ದರು. ಸಂಜೆಯ ವೇಳೆಗೆ ಷೇರು ನೂರಕ್ಕೆ ಇಪ್ಪತ್ತೊಂದರಷ್ಟು ಇಳಿದಿತ್ತು. 2003ರ ಏಪ್ರಿಲ್‌ನಲ್ಲಿಯೂ ಹೀಗೆಯೇ ಒಂದೇ ದಿನ ಕಾಲುಭಾಗಕ್ಕಿಂತ ಹೆಚ್ಚು ಇಳಿದುದುಂಟು. ಮುಂದೆ 2019ರ ಅಕ್ಟೋಬರಿನಲ್ಲಿ ಒಂದೇ ದಿನ ನೂರಕ್ಕೆ ಹದಿನಾರು ಇಳಿಯಿತು. ಓಟದಲ್ಲಿ ಚಿಕ್ಕವನು ದೊಡ್ಡವರನ್ನು ಹಿಂದೆಹಾಕುವ ಮಾತು ಕನಸು. ನಾವು ದೂರದರ್ಶನದ ಮುಂದೆ ಕುಳಿತು ಹಳೆಯ ಭಯದಿಂದ ನಡುಗಿ, ಮಾರಿಬಿಡೋಣವೇ ಎಂದು ಕೇಳಿದೆವು.

ಆಕೆ ಹಪ್ಪಳದ ಹಿಟ್ಟನ್ನು ನಾದುತ್ತ ಕುಳಿತಿದ್ದಳು. "ಈ ತಿಂಗಳು ನಮಗೆ ಆ ಹಣ ಬೇಕಾಗಿದೆಯೆ?" ಎಂದಳು. ಇಲ್ಲವೆಂದೆವು. "ಆ ಕಂಪೆನಿ ಸುಳ್ಳು ಲೆಕ್ಕ ಬರೆಯಿತೆ?" ಅದೂ ಇಲ್ಲವೆಂದೆವು. "ಹಾಗಾದರೆ ನಮ್ಮನ್ನು ಮಾರಿ ಎಂದು ಹೇಳುತ್ತಿರುವವರು ಯಾರು?" ಎಂದು ಕೇಳಿ ಉಂಡೆ ಮಾಡಲು ತೊಡಗಿದಳು.

ಆಗ ನಮಗೆ ಆಕೆಯ ಎರಡನೆಯ ಪ್ರಶ್ನೆಯ ಉತ್ತರವೂ ತಿಳಿಯಿತು. 2001ರಲ್ಲಿ ನಮ್ಮಿಂದ ತೊಂಬತ್ತಾರಕ್ಕೆ ಕೊಂಡವನು, ಆ ವಾರ ಮಗಳ ಶುಲ್ಕ ಕಟ್ಟಬೇಕಾಗಿಲ್ಲದವನು. ಬೇರೆಯವರ ಹಣವನ್ನು ನಡೆಯಿಸುವ ದೊಡ್ಡ ಸಂಸ್ಥೆಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಹಣ ಹಾಕಿದವರು ಹಿಂದಕ್ಕೆ ಕೇಳಿದರೆ ಒಲ್ಲದ ಬೆಲೆಗೂ ಮಾರಬೇಕು. ಚಿಕ್ಕ ಗೃಹಸ್ಥನಿಗೆ ಆ ಒತ್ತಾಯವಿಲ್ಲ. ಬೆಲೆಯನ್ನು ಕಟ್ಟುವ ಬಲ ಅವನಿಗೆ ಇಲ್ಲದಿದ್ದರೂ, ಈ ದಿನದ ಬೆಲೆ ನನಗೆ ಬೇಡವೆನ್ನುವ ಬಲ ಇದೆ. ಶುಲ್ಕದ ಹಣವನ್ನು, ಮದುವೆಯ ಹಣವನ್ನು, ಸಾಲದ ಹಣವನ್ನು ಪೇಟೆಗೆ ಕೊಂಡೊಯ್ದ ದಿನ ಅವನು ಆ ಒಂದೇ ಬಲವನ್ನೂ ಕೈಬಿಡುತ್ತಾನೆ. ನಾವು ಸೋತದ್ದು ಷೇರು ಇಳಿದ ದಿನವಲ್ಲ. ಅಂಚೆ ಕಚೇರಿಯಿಂದ ಆ ಹಣವನ್ನು ಬಿಡಿಸಿಕೊಂಡ ದಿನ.

ಇಂದಿನ ಕಾಲದಲ್ಲಿ ಚಿಕ್ಕವರು ದೊಡ್ಡವರಾಗುವ ಇನ್ನೊಂದು ದಾರಿಯೂ ತೆರೆದಿದೆ. ತಿಂಗಳು ತಿಂಗಳು ಐನೂರು, ಸಾವಿರ ರೂಪಾಯಿಗಳನ್ನು ಮ್ಯೂಚುಯಲ್ ಫಂಡುಗಳಿಗೆ ಕಟ್ಟುವ ಗೃಹಸ್ಥರ ಹಣವು 2024ರ ಅಕ್ಟೋಬರ್ ತಿಂಗಳಿನಲ್ಲಿ ಮೊದಲ ಸಲ ಇಪ್ಪತ್ತೈದು ಸಾವಿರ ಕೋಟಿಯನ್ನು ದಾಟಿತು. ಅದೇ ತಿಂಗಳು ವಿದೇಶದ ದೊಡ್ಡ ಹೂಡಿಕೆದಾರರು ನಮ್ಮ ಪೇಟೆಯಲ್ಲಿ ಕೊಂಡುದಕ್ಕಿಂತ ಸುಮಾರು ತೊಂಬತ್ತನಾಲ್ಕು ಸಾವಿರ ಕೋಟಿ ರೂಪಾಯಿಗಳಷ್ಟು ಹೆಚ್ಚಾಗಿ ಮಾರಿದರು. ಹಿಂದಿನ ಕಾಲವಾಗಿದ್ದರೆ ಪೇಟೆಯು ಎಲ್ಲಿಗೆ ಬೀಳುತ್ತಿತ್ತೋ! ಬೆಲೆಗಳು ಇಳಿದುವು, ನಿಜ. ಆದರೆ ದೇಶದ ಸಂಸ್ಥೆಗಳು ಆ ಸರಕನ್ನು ಎದೆಯೊಡ್ಡಿ ಕೊಂಡುವು. ಆ ಎದೆಯ ಹಿಂದೆ ಇದ್ದುದು ಹನಿಹನಿಗೂಡಿದ ಹಳ್ಳ. ಕೊಂಡವರು ಯಾರೆಂದು ಈಗ ಯಾರಾದರೂ ಕೇಳಿದರೆ, ಗುಬ್ಬಿಯಲ್ಲಿಯೋ ಗೋಕಾಕದಲ್ಲಿಯೋ ತಿಂಗಳ ಮೊದಲ ವಾರ ಸಾವಿರ ರೂಪಾಯಿ ಕಟ್ಟುವ ಗೃಹಿಣಿಯೂ ಒಬ್ಬಳೆಂದು ಹೇಳಬಹುದು. ಹೀಗೆ ಕೂಡಿದವರು ಕೂಡ ಒಂದೇ ಭಯದಿಂದ ಒಂದೇ ವಾರ ಹಣವನ್ನು ಹಿಂದಕ್ಕೆ ಕೇಳಿದರೆ ಹಳ್ಳವು ಮತ್ತೆ ಪ್ರವಾಹವಾದೀತೆಂಬುದನ್ನೂ ಮರೆಯಬಾರದು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಒಂದು ಬಿನ್ನಹ. ಒಂದು ಕಂಪೆನಿಯಲ್ಲಿ ಸ್ಥಾಪಕರ ಪಾಲೆಷ್ಟು, ವಿದೇಶದವರದೆಷ್ಟು, ಫಂಡುಗಳದೆಷ್ಟು, ಚಿಕ್ಕವರದೆಷ್ಟು ಎಂಬ ಪಟ್ಟಿಯನ್ನು ಪ್ರತಿ ಮೂರು ತಿಂಗಳಿಗೂ ಪೇಟೆಗಳು ಬಿಟ್ಟಿಯಾಗಿ ಪ್ರಕಟಿಸುತ್ತವೆ. ಸ್ಥಾಪಕರ ಪಾಲು ಕರಗುತ್ತ ಚಿಕ್ಕವರ ಪಾಲು ಉಬ್ಬುತ್ತಿದ್ದರೆ, ಮಾರುತ್ತಿರುವವರು ಯಾರು, ಕೊಳ್ಳುತ್ತಿರುವವರು ಯಾರು ಎಂದು ಒಂದು ಸಲ ನಿಂತು ಕೇಳಿಕೊಳ್ಳಿರಿ. ಅದಕ್ಕೆ ಉತ್ತರ ಯಾವಾಗಲೂ ಅಶುಭವೇ ಆಗಿರಬೇಕೆಂದಿಲ್ಲ. ಆದರೆ ಕೇಳದೆ ಕೊಳ್ಳಬೇಡಿರಿ. 1993ರಲ್ಲಿ ಇನ್ಫೋಸಿಸ್ಸಿನ ನೂರು ಷೇರುಗಳಿಗೆ ಒಂಬತ್ತೂವರೆ ಸಾವಿರ ಕೊಟ್ಟು, ಒಂದನ್ನೂ ಮಾರದೆ ಇಟ್ಟುಕೊಂಡವರ ಷೇರುಗಳು ಬೋನಸ್ಸು, ವಿಭಜನೆಗಳಿಂದ 2018ರ ವೇಳೆಗೆ ಒಂದು ಲಕ್ಷದ ಎರಡು ಸಾವಿರದ ನಾಲ್ಕುನೂರಾದುವೆಂಬ ಕಥೆಯನ್ನು ಹೇಳುವವರು ನಿಮ್ಮ ಮನೆಗೂ ಬಂದಾರು. ಕಥೆ ನಿಜ. ಆದರೆ "ಮುಂದಿನ ಇನ್ಫೋಸಿಸ್" ಎಂದು ಕೊಂಡ ಐವತ್ತು ಷೇರುಗಳ ಕಥೆಯೂ ಅಷ್ಟೇ ನಿಜ.

ಇನ್ನು ನಮ್ಮ ಮೊಮ್ಮಗನ ಪ್ರಶ್ನೆ. ಆ ದೀಪಾವಳಿಯ ಸಂಜೆ ಅವನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಅಜ್ಜಿ ಮಾರಿದರೆ ಆ ಅಂಕೆ ಇಳಿಯುವುದಿಲ್ಲವೆಂದೂ, ದೊಡ್ಡವರು ಮಾರಿದರೆ ಇಳಿಯುತ್ತದೆಯೆಂದೂ ಮಲ್ಲಿಗೆಯ ಲೆಕ್ಕದಲ್ಲಿ ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ದೊಡ್ಡವರು ಮಾರುವುದಕ್ಕೆ ಮೊದಲೇ ಅಜ್ಜಿ ಮಾರಿಬಿಡಬಹುದಲ್ಲ?" ಎಂದನು. ಬುದ್ಧಿವಂತ ಹುಡುಗ; ನಾವೂ ಒಂದು ಕಾಲದಲ್ಲಿ ಹಾಗೆಯೇ ಯೋಚಿಸಿದವರು.

ಅಜ್ಜಿಯು ದೀಪಗಳಿಗೆ ಎಣ್ಣೆ ಹಾಕುತ್ತಿದ್ದಳು. ಕೈಯಲ್ಲಿ ಆ ಎರಡು ಬಳೆಗಳೂ ಇದ್ದುವು. "ನಿನ್ನ ಕಾಲೇಜಿಗೆ ಬೇಕಾದಾಗ ಮಾರೋಣ, ಮಗು" ಎಂದಳು. "ಆದರೆ ನಿನ್ನ ಶುಲ್ಕ ಅಂಚೆ ಕಚೇರಿಯಲ್ಲಿ ಬೇರೆಯೇ ಇದೆ. ತಾತನಿಗೆ ಅದರ ಪುಸ್ತಕ ಎಲ್ಲಿದೆ ಎಂದು ಹೇಳಿಲ್ಲ."

ಈ ಸಲ ನಾವೂ ಎಲ್ಲರೊಡನೆ ನಕ್ಕೆವು.